ತಂದೆಯ ಬಾಯೇ ತೊಟ್ಟಿಲು

ಹುಣಸೂರು, ಹೆಗ್ಗಡದೇವನಕೋಟೆಗಳ ಕೆರೆಕಟ್ಟೆಗಳಲ್ಲಿ ಬಲೆ ಬೀಸುವವರೆಲ್ಲರೂ ಜಿಲೇಬಿ ಮೀನನ್ನು ಬಲ್ಲರು. ಶಾಸ್ತ್ರಜ್ಞರು ತಿಲಾಪಿಯ ಎನ್ನುವ ಈ ಮೀನು ಆಫ್ರಿಕ ಖಂಡದ್ದು; 1952ರಲ್ಲಿ ನಮ್ಮ ದೇಶಕ್ಕೆ ಬಂದಿತು. ತಾಯಿಮೀನು ಮೊಟ್ಟೆಗಳನ್ನು ಬಾಯೊಳಗಿಟ್ಟುಕೊಂಡೇ ಮರಿಮಾಡುವುದು. ಮರಿಗಳು ಈಜಲು ಕಲಿತ ಮೇಲೂ ಅಪಾಯ ಕಂಡೊಡನೆ ಓಡಿಬಂದು ಆ ಬಾಯನ್ನೇ ಹೊಗುವುವು. ಗಂಡಿಗೆ ಈ ಚಿಂತೆ ಯಾವುದೂ ಇಲ್ಲ. ಈ ಏರ್ಪಾಡು ನಮ್ಮ ಗೃಹಿಣಿಯರಿಗೆ ಹೊಸದೆಂದು ತೋರಲಾರದು!

ಸಮುದ್ರದ ಹವಳದ ದಿಬ್ಬಗಳಲ್ಲಿ ವಾಸಿಸುವ ಕಾರ್ಡಿನಲ್ ಮೀನುಗಳ ಸಂಸಾರದಲ್ಲಾದರೋ ಈ ಹೊರೆಯೆಲ್ಲ ತಂದೆಯದು. ಇವುಗಳಲ್ಲಿ ಕೆಲವು ಕೆಂಪಾಗಿರುವುದರಿಂದ, ರೋಮನ್ ಕ್ಯಾಥೋಲಿಕ್ ಮತದ ಕಾರ್ಡಿನಲ್ ಗುರುಗಳ ಕೆಂಪು ನಿಲುವಂಗಿಯನ್ನು ನೆನೆದು ಈ ಹೆಸರಿಟ್ಟರು, ಕೆಂಪಲ್ಲದವೂ ಅನೇಕವಿವೆ. ಬಹುಪಾಲು ಬೆರಳುದ್ದದವು. ಹಗಲೆಲ್ಲ ಹವಳದ ಸಂದುಗಳಲ್ಲಿ ಅಡಗಿದ್ದು, ಇರುಳು ಆಹಾರಕ್ಕೆ ಹೊರಡುವುವು. ಅದಕ್ಕೆ ತಕ್ಕಂತೆ ಕಣ್ಣುಗಳು ದೊಡ್ಡವು.

ಈ ಕುಲದಲ್ಲಿ ಬಲು ಸೊಗಸಾದುದು ಇಂಡೋನೇಷಿಯದ ಬಂಗಾಯ್ ದ್ವೀಪಗಳ ಮೀನು. ಸುಮಾರು 8 ಸೆಂಟಿಮೀಟರು ಉದ್ದ. ಬೆಳ್ಳಿಯಂಥ ಮೈ, ಅದರ ಮೇಲೆ ಕಪ್ಪು ಪಟ್ಟೆ, ರೆಕ್ಕೆಗಳಲ್ಲಿ ಮುತ್ತು ಪೋಣಿಸಿದಂತೆ ಬಿಳಿಯ ಚುಕ್ಕೆ. 1933ರಲ್ಲಿ ಕೌಮನ್ಸ್ ಎಂಬ ಡಚ್ ಪಂಡಿತನು ಇದನ್ನು ಶಾಸ್ತ್ರಲೋಕಕ್ಕೆ ಪರಿಚಯಿಸಿದನು. ಹೆಣ್ಣು ಇಡುವ ನಾಲ್ವತ್ತರಷ್ಟು ಮೊಟ್ಟೆಗಳನ್ನು ಗಂಡು ಬಾಯಲ್ಲಿ ತುಂಬಿಕೊಳ್ಳುವುದು. ಅವು ಒಡೆಯಲು ಸುಮಾರು 20 ದಿನ. ಒಡೆದ ಮೇಲೂ ಮರಿಗಳು ಇನ್ನೊಂದು ಹತ್ತು ದಿನ ಅಲ್ಲಿಯೇ ಇರುವುವು. ಈ ಒಂದು ತಿಂಗಳು ತಂದೆಗೆ ಆಹಾರವಿಲ್ಲ. ಬಾಯಿ ತುಂಬ ಮಕ್ಕಳಿರುವಾಗ ಉಣ್ಣುವುದಾದರೂ ಹೇಗೆ?

ಹೊರಬಿದ್ದ ಮರಿಗಳು ಕಡಲಮುಳ್ಳಿನ ಜೀವಿಯ ನೀಳವಾದ ಮುಳ್ಳುಗಳ ನಡುವೆ ಅಡಗಿಕೊಳ್ಳುವುವು. ಇತರ ಎಷ್ಟೋ ಮೀನುಗಳ ಮರಿಗಳಂತೆ ಇವು ಪ್ರವಾಹದೊಡನೆ ತೇಲಿಹೋಗಿ ದೂರದ ದಿಬ್ಬಗಳನ್ನು ಸೇರವು, ಹುಟ್ಟಿದೆಡೆಯಲ್ಲಿಯೇ ಬಾಳುವುವು. ಆದುದರಿಂದ ಒಂದು ದಿಬ್ಬದ ಮೀನುಗಳನ್ನು ಬಳಿದೊಯ್ದರೆ ಅಲ್ಲಿಗೆ ಬೇರೆ ಕಡೆಯಿಂದ ಬರುವವುಗಳಿಲ್ಲ. ಇದರ ಚೆಲುವೇ ಇದಕ್ಕೆ ಶತ್ರುವಾಯಿತು. ಮನೆಗಳ ಗಾಜಿನ ತೊಟ್ಟಿಗಳಿಗಾಗಿ ಲಕ್ಷಗಟ್ಟಲೆಯಾಗಿ ಹಿಡಿದು ಮಾರಿದುದರಿಂದ, 2007ರಲ್ಲಿ ಇದನ್ನು ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಬೇಕಾಯಿತು. ಬಲೆಗೆ ಸಿಕ್ಕ ತಂದೆಯು ಗಾಬರಿಯಲ್ಲಿ ಮೊಟ್ಟೆಗಳನ್ನು ಉಗುಳಿಬಿಡುವುದೂ ಉಂಟು.

ತೊಟ್ಟಿಯಲ್ಲಿಯೇ ಮರಿಮಾಡಿಸಿ ಸಾಕಲು ಇದು ಕಷ್ಟದ ಮೀನಲ್ಲ. ಹಾಗೆ ಸಾಕಿದವುಗಳೂ ಮಾರಾಟಕ್ಕೆ ದೊರೆಯುತ್ತವೆ. ಮಕ್ಕಳ ಹಟಕ್ಕೆ ಇದನ್ನು ಕೊಳ್ಳಹೊರಟ ತಂದೆತಾಯಿಗಳು, ಇದು ತೊಟ್ಟಿಯಲ್ಲಿ ಹುಟ್ಟಿದುದೋ ಕಡಲಿನಿಂದ ಹಿಡಿದು ತಂದುದೋ ಎಂದು ಅಂಗಡಿಯವನನ್ನು ಮೊದಲು ಕೇಳಲಿ.