ಅನಿಮೆ ನೋಡಬೇಕೋ, ಬಿಡಬೇಕೋ? – ನನ್ನ ಅನಿಸಿಕೆ



ಕಳೆದ ತಿಂಗಳು ಇದೇ ಗೋಡೆ ಪತ್ರಿಕೆಯಲ್ಲಿ ‘ಕಾರ್ಟೂನ್ ಬಿಡಿ, ಪುಸ್ತಕ ಹಿಡಿ’ ಎಂಬ ಲೇಖನ ಬಂದಿತ್ತು. ಬರೆದ ಗೆಳೆಯನ ಅಕ್ಷರ ಮುತ್ತಿನಂತಿದ್ದವು. ಅವನು ಹೇಳಿದ್ದರಲ್ಲಿ ಅರ್ಧ ಮಾತು ನನಗೆ ಒಪ್ಪಿಗೆ, ಇನ್ನರ್ಧ ಒಪ್ಪಿಗೆ ಇಲ್ಲ. ಒಪ್ಪಿಗೆ ಇಲ್ಲದ್ದನ್ನು ಆಟದ ಬಯಲಿನಲ್ಲಿ ಜಗಳಾಡಿ ಹೇಳುವುದಕ್ಕಿಂತ ಇಲ್ಲಿ ಬರೆದು ಹೇಳುವುದು ಚಲೋ ಎಂದು ನಮ್ಮ ಕನ್ನಡದ ಸರ್ ಅಂದರು. ಅದಕ್ಕಾಗಿ ಈ ಲೇಖನ.

ಮೊದಲು ಒಂದು ಮಾತು ಒಪ್ಪಿಕೊಳ್ಳುತ್ತೇನೆ. ನಾನು ಅನಿಮೆ ನೋಡುತ್ತೇನೆ. ನಮ್ಮ ಕಾಕಾನ ಮೊಬೈಲಿನಲ್ಲಿ, ಅವನು ಊಟಕ್ಕೆ ಕೂತಾಗ, ಮತ್ತು ರವಿವಾರ ಮಧ್ಯಾಹ್ನ. ಪರೀಕ್ಷೆಯ ಹಿಂದಿನ ದಿನ ನೋಡಿ ಅಪ್ಪನ ಕಡೆಯಿಂದ ಬೈಸಿಕೊಂಡದ್ದೂ ಉಂಟು. ಆದ್ದರಿಂದ ನಾನು ಹೇಳುವುದು ದೂರ ನಿಂತವರ ಮಾತಲ್ಲ, ನೋಡಿದವನ ಮಾತು.

ಅನಿಮೆ ಎಂದರೆ ಜಪಾನಿನವರು ಚಿತ್ರ ಬರೆದು ಮಾಡುವ ಧಾರಾವಾಹಿ. ಇದು ನಿನ್ನೆ ಮೊನ್ನೆ ಬಂದ ಹುಚ್ಚು ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. 1993ರಲ್ಲಿ ದೂರದರ್ಶನದಲ್ಲಿ ರವಿವಾರ ಬರುತ್ತಿದ್ದ ‘ಜಂಗಲ್ ಬುಕ್’ ಅನ್ನು ಈ ಊರಿನ ಅಪ್ಪಂದಿರಲ್ಲಿ ಎಷ್ಟು ಮಂದಿ ನೋಡಿಲ್ಲ, ಕೇಳಿರಿ! ಮೋಗ್ಲಿ, ಬಘೀರಾ, ಶೇರ್‌ಖಾನ್ ಎಲ್ಲರೂ ಜಪಾನಿನ ನಿಪ್ಪಾನ್ ಅನಿಮೇಶನ್ ಕಂಪನಿಯವರು 1989ರಲ್ಲಿ ಬರೆದ ಚಿತ್ರಗಳು. ಒಟ್ಟು 52 ಕಂತು. ಕಾಡು ನಮ್ಮ ದೇಶದ್ದು, ಪುಸ್ತಕ ಇಂಗ್ಲಿಷಿನದು, ಚಿತ್ರ ಜಪಾನಿನದು, ಮಾತು ಹಿಂದಿ. ಆಗ ನಮ್ಮ ಅಪ್ಪನಿಗೆ ಹತ್ತು ವರ್ಷ. ಓಣಿಗೆಲ್ಲ ಒಂದೇ ಟಿ.ವಿ. ಇತ್ತಂತೆ. ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದರಂತೆ. ಈ ಮಾತು ನೆನಪಿಸಿದಾಗ ಅಪ್ಪನ ಸಿಟ್ಟು ಸ್ವಲ್ಪ ಇಳಿಯಿತು. “ಅದು ಬ್ಯಾರೆ, ಇದು ಬ್ಯಾರೆ” ಅಂದ, ಆದರೆ ನಕ್ಕ.

ಈಗ ಜಪಾನಿನಲ್ಲಿ ಹೊಸ ಧಾರಾವಾಹಿಗಳು ವರ್ಷಕ್ಕೆ ನಾಲ್ಕು ಸಲ ಶುರುವಾಗುತ್ತವೆ – ಜನವರಿ, ಎಪ್ರಿಲ್, ಜುಲೈ, ಅಕ್ಟೋಬರ್. ನಮ್ಮಲ್ಲಿ ಮುಂಗಾರಿ, ಹಿಂಗಾರಿ ಇದ್ದ ಹಾಗೆ ಅವರಿಗೆ ನಾಲ್ಕು ಹಂಗಾಮು. ವಾರಕ್ಕೊಂದು ಕಂತು, ಒಂದು ಕಂತಿಗೆ ಸುಮಾರು 24 ನಿಮಿಷ, ಒಂದು ಹಂಗಾಮಿಗೆ ಹನ್ನೆರಡೋ ಹದಿಮೂರೋ ಕಂತು. ಎಲ್ಲ ಬೆಳೆಯೂ ಚಲೋ ಬರುವುದಿಲ್ಲ, ಕಸವೂ ಬಹಳ ಬೆಳೆಯುತ್ತದೆ. ನಾನು ನೋಡಿದ ಮೂರರ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು ‘ಡಾಕ್ಟರ್ ಸ್ಟೋನ್’. 2019ರಲ್ಲಿ ಶುರುವಾದದ್ದು, ಇದರ ನಾಲ್ಕನೆಯ, ಕೊನೆಯ ಭಾಗ 2025ರ ಜನವರಿಯಲ್ಲಿ ಆರಂಭವಾಯಿತು. ಜಗತ್ತಿನ ಮನುಷ್ಯರೆಲ್ಲ ಒಮ್ಮೆಲೇ ಕಲ್ಲಾಗುತ್ತಾರೆ. 3,700 ವರ್ಷದ ಮೇಲೆ ಸೆಂಕು ಎಂಬ ಹುಡುಗ ಎಚ್ಚರಾಗುತ್ತಾನೆ. ಅಷ್ಟೂ ವರ್ಷ ಕಲ್ಲಿನೊಳಗೇ ಒಂದೊಂದು ಸೆಕೆಂಡು ಎಣಿಸುತ್ತ ಕೂತಿದ್ದವನು! ಎದ್ದು ನೋಡಿದರೆ ಊರಿಲ್ಲ, ಕರೆಂಟಿಲ್ಲ, ಸಾಲಿ ಇಲ್ಲ. ತಾನು ಕಲಿತ ವಿಜ್ಞಾನ ಒಂದೇ ಅವನ ಆಸ್ತಿ. ಚಿಪ್ಪು ಕುಟ್ಟಿ ಪುಡಿ ಮಾಡುತ್ತಾನೆ, ಸಾಬೂನು ಮಾಡುತ್ತಾನೆ, ಗಾಜು ಮಾಡುತ್ತಾನೆ, ನ್ಯುಮೋನಿಯಾ ಆದ ಹುಡುಗಿಗೆ ಸಲ್ಫಾ ಔಷಧ ಮಾಡುತ್ತಾನೆ, ಕೊನೆಗೆ ನೀರಿನ ಚಕ್ರ ಕೂಡಿಸಿ ವಿದ್ಯುತ್ತನ್ನೂ ಮಾಡುತ್ತಾನೆ.

ನನಗೆ ಬಹಳ ಹಿಡಿಸಿದ್ದು ಸುಯಿಕಾ ಎಂಬ ಸಣ್ಣ ಹುಡುಗಿಯ ಕತೆ. ಅವಳು ಯಾವಾಗಲೂ ಕಲ್ಲಂಗಡಿಯ ಸಿಪ್ಪೆ ತಲೆಗೆ ಹಾಕಿಕೊಂಡು ತಿರುಗುತ್ತಾಳೆ. ಎಲ್ಲರೂ ನಗುತ್ತಾರೆ. ನಿಜವಾಗಿ ಅವಳಿಗೆ ಕಣ್ಣು ಮಂಜು. ಗಾಜು ಮಾಡಲು ಬಂದ ಮೇಲೆ ಸೆಂಕು ಅವಳಿಗೆ ಕನ್ನಡಕದ ಗಾಜು ಮಾಡಿಕೊಡುತ್ತಾನೆ. ಅವಳು ಮೊದಲ ಸಲ ಹೂವಿನ ಹೊಲವನ್ನು ಸ್ಪಷ್ಟವಾಗಿ ನೋಡುತ್ತಾಳೆ. ನಮ್ಮ ವರ್ಗದಲ್ಲಿಯೂ ಒಬ್ಬ ಗೆಳೆಯ ಎರಡು ವರ್ಷ ಹಲಗೆಯ ಮೇಲಿನ ಲೆಕ್ಕ ತಪ್ಪು ಬರೆದುಕೊಂಡು ಏಟು ತಿಂದ. ದಡ್ಡ ಅಂದೆವು. ಅವನಿಗೂ ಕಣ್ಣೇ ಕಾಣುತ್ತಿರಲಿಲ್ಲ. ಆ ಕಂತು ನೋಡಿದ ದಿನ ನನಗೆ ನಾಚಿಕೆ ಆಯಿತು. ಪುಸ್ತಕ ಮಾಡುವ ಕೆಲಸವನ್ನೇ ಅದು ಮಾಡಿತಲ್ಲ!

ದೋಷವೂ ಉಂಟು. ಸೆಂಕುವಿಗೆ ಎಲ್ಲವೂ ಬಲು ಸಲೀಸಾಗಿ ಆಗಿಬಿಡುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ಒಂದು ಸಾಬೂನು ಮಾಡಲು ಹೋಗಿ ನಾವು ಮೂರು ಸಲ ಅಂಟು ಮಾಡಿದ್ದೇವೆ. ಆಮ್ಲ, ಸಿಡಿಮದ್ದು ಮಾಡುವುದನ್ನು ನೋಡಿ ಯಾರೂ ಮನೆಯಲ್ಲಿ ಕೈ ಹಾಕಬಾರದು. ಇನ್ನೊಂದು ಮಾತು. ನೀರಿನಿಂದ ಚಕ್ರ ತಿರುಗಿಸುವುದನ್ನು ನೋಡಿ ನಾವು ಬಾಯಿ ಬಿಡುತ್ತೇವೆ, ಆದರೆ ಇಲ್ಲೇ ಪಕ್ಕದ ಗೋಕಾಕ ಫಾಲ್ಸ್‌ನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿಯೇ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಿದರು. ಅದನ್ನು ಅಷ್ಟು ಕುತೂಹಲದಿಂದ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ?

ಎರಡನೆಯದು ‘ಡೀಮನ್ ಸ್ಲೇಯರ್’. ಹುಡುಗರೆಲ್ಲ ನೋಟಬುಕ್ಕಿನ ಹಿಂದೆ ಇದರ ಚಿತ್ರ ಬರೆಯುತ್ತಾರೆ. ಸುಮಾರು ನೂರು ವರ್ಷದ ಹಿಂದಿನ ಜಪಾನು. ತಂಜಿರೋ ಎಂಬ ಹುಡುಗನ ಮನೆಯವರನ್ನು ರಾಕ್ಷಸ ಕೊಲ್ಲುತ್ತಾನೆ. ಉಳಿದ ಒಬ್ಬ ತಂಗಿ ನೆಜುಕೋ ತಾನೇ ರಾಕ್ಷಸಿಯಾಗುತ್ತಾಳೆ. ಅವಳನ್ನು ಪೆಟ್ಟಿಗೆಯಲ್ಲಿ ಬೆನ್ನಿಗೆ ಹೊತ್ತುಕೊಂಡು, ಮತ್ತೆ ಮನುಷ್ಯಳನ್ನಾಗಿ ಮಾಡಲು ಅಣ್ಣ ಹೊರಡುತ್ತಾನೆ. ಚಿತ್ರಗಳು ಕಣ್ಣು ಕೋರೈಸುತ್ತವೆ. ಸಾಯುವ ರಾಕ್ಷಸನಿಗೂ ಅವನು ಮರುಗುತ್ತಾನೆ, ಅದು ದೊಡ್ಡ ಗುಣ. ಆದರೆ ರಕ್ತ ಬಹಳ, ತಲೆ ಕಡಿಯುವುದು ಬಹಳ. ಗೆಳೆಯನ ಲೇಖನದ ಅರ್ಧ ಮಾತು ಒಪ್ಪಿದೆ ಅಂದೆನಲ್ಲ, ಅದು ಇಲ್ಲಿ. ಎರಡನೇ, ಮೂರನೇ ಇಯತ್ತೆಯ ಸಣ್ಣವರು ಇದನ್ನು ನೋಡುವುದು ತಪ್ಪು. ನನ್ನ ತಂಗಿ ನನ್ನ ಹಿಂದೆ ಕದ್ದು ನೋಡಿ, ರಾತ್ರಿ ಹೆದರಿ ಆಯಿಯ ಸೆರಗು ಹಿಡಿದು ಮಲಗಿದಳು. ತಪ್ಪು ನನ್ನದೇ.

ಮೂರನೆಯದು ‘ಫ್ರೀರೆನ್’. 2023ರ ಸೆಪ್ಟೆಂಬರಿನಲ್ಲಿ ಶುರುವಾಗಿ ಮೊದಲ ಭಾಗಕ್ಕೆ 28 ಕಂತು ಬಂತು; 2026ರ ಜನವರಿಯಲ್ಲಿ ಎರಡನೆಯ ಭಾಗ ಆರಂಭವಾಯಿತು. ಇದರಲ್ಲಿ ಹೊಡೆದಾಟ ಕಡಿಮೆ. ಅದಕ್ಕೇ ನಮ್ಮ ಹುಡುಗರು “ನಿದ್ದಿ ಬರ್ತೈತಿ” ಅನ್ನುತ್ತಾರೆ. ನನಗೆ ಎಲ್ಲಕ್ಕಿಂತ ಇದೇ ಹೆಚ್ಚು.

ಬೇರೆ ಕತೆಗಳು ರಾಕ್ಷಸ ರಾಜ ಸತ್ತಾಗ ಮುಗಿಯುತ್ತವೆ. ಇದು ಅಲ್ಲಿಂದ ಶುರುವಾಗುತ್ತದೆ. ಫ್ರೀರೆನ್ ಸಾವಿರ ವರ್ಷಕ್ಕೂ ಮೇಲೆ ಬದುಕಿದ ಮಾಂತ್ರಿಕಳು. ಹಿಮ್ಮೆಲ್ ಎಂಬ ವೀರನ ಜೊತೆ ಹತ್ತು ವರ್ಷ ತಿರುಗಿ ರಾಕ್ಷಸ ರಾಜನನ್ನು ಗೆದ್ದು ಬರುತ್ತಾಳೆ. ಅವಳಿಗೆ ಹತ್ತು ವರ್ಷ ಎಂದರೆ ನಮಗೆ ಹತ್ತು ದಿನ ಇದ್ದ ಹಾಗೆ. ಬರುತ್ತೇನೆ ಎಂದು ಹೇಳಿ ಹೋದವಳು ಐವತ್ತು ವರ್ಷದ ಮೇಲೆ ಬರುತ್ತಾಳೆ. ಹಿಮ್ಮೆಲ್ ಕೋಲು ಹಿಡಿದ ಮುದುಕ. ಎಲ್ಲರೂ ಕೂಡಿ ಒಮ್ಮೆ ಉಲ್ಕೆ ಬೀಳುವುದನ್ನು ನೋಡುತ್ತಾರೆ. ಆಮೇಲೆ ಅವನು ತೀರಿಕೊಳ್ಳುತ್ತಾನೆ. ಮಣ್ಣು ಮಾಡುವಾಗ ಅವಳಿಗೆ ಅಳು ಬರುತ್ತದೆ. ಹತ್ತು ವರ್ಷ ಜೊತೆಗಿದ್ದರೂ ಈ ಮನುಷ್ಯನನ್ನು ತಾನು ತಿಳಿದುಕೊಳ್ಳಲೇ ಇಲ್ಲವಲ್ಲ ಎಂದು. ಮುಂದಿನ ಕತೆಯೆಲ್ಲ ಅವಳು ಮನುಷ್ಯರನ್ನು ತಿಳಿದುಕೊಳ್ಳಲು ಹೊರಡುವುದೇ.

ಇದು ನನಗೆ ಯಾಕೆ ತಾಗಿತು ಎಂದು ಹೇಳಲೇಬೇಕು. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಅಜ್ಜ ತೀರಿಕೊಂಡ. ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದವನು. ಚಳಿಗಾಲದಲ್ಲಿ ನಮ್ಮ ಧುಪದಾಳದ ಒಡ್ಡಿನ ಹಿನ್ನೀರಿಗೆ ದೂರದ ದೇಶದಿಂದ ಹಕ್ಕಿಗಳು ಬರುತ್ತವೆ, ಎಲ್ಲರಿಗೂ ಗೊತ್ತು. ಅಜ್ಜ ಒಂದೊಂದಕ್ಕೂ ಒಂದೊಂದು ಹೆಸರು ಹೇಳುತ್ತಿದ್ದ. ಪುಸ್ತಕದಲ್ಲಿರುವ ಹೆಸರಲ್ಲ, ಅವನ ಅಪ್ಪ ಅವನಿಗೆ ಹೇಳಿದ ಹೆಸರು. “ಬಾರಲೇ, ತೋರಸ್ತೀನಿ” ಅಂದಾಗ ನಾನು “ನಾಳೆ ಬರ್ತೀನಿ ಅಜ್ಜಾ” ಅಂದೆ. ಆಗ ನನ್ನ ಕೈಯಲ್ಲಿ ಮೊಬೈಲ್ ಇತ್ತು. ಈಗ ಆ ಹೆಸರುಗಳು ಮನೆಯಲ್ಲಿ ಯಾರಿಗೂ ಪೂರ್ತಿ ಗೊತ್ತಿಲ್ಲ. ಫ್ರೀರೆನ್ ಅತ್ತಾಗ ನಾನೂ ಅತ್ತೆ. ಮೊಬೈಲು ಕಸಿದುಕೊಂಡದ್ದನ್ನು ಮೊಬೈಲೇ ನೆನಪಿಸಿತು. ಆದ್ದರಿಂದ ಬರೀ ಕೆಟ್ಟದ್ದು ಎಂದೂ ಹೇಳಲಾರೆ, ಬರೀ ಒಳ್ಳೆಯದು ಎಂದೂ ಹೇಳಲಾರೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನನ್ನ ದೂರು ಚಿತ್ರದ ಮೇಲಲ್ಲ, ಭಾಷೆಯ ಮೇಲೆ.

‘ಡೋರೇಮಾನ್’ 2005ರಿಂದ ಹಿಂದಿಯಲ್ಲಿ ಬರುತ್ತಿದೆ. ನನ್ನ ತಂಗಿ ಈಗ ಎರಡನೇ ಇಯತ್ತೆ. ಒಂದು ಸಂಜೆ ಆಯಿಯ ಹತ್ತಿರ ಹೋಗಿ “ದಾದೀ, ಮುಝೇ ಕಹಾನೀ ಸುನಾವೋ” ಅಂದಳು. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಇದು ಯಾರ ಮನಿ ಮಾತವಾ?” ಅಂದಳು. ಎಲ್ಲರೂ ನಕ್ಕೆವು. ಆಯಿ ಮಾತ್ರ ನಗಲಿಲ್ಲ. ಆಯಿಗೆ ನೂರು ಕತೆ ಗೊತ್ತು. ಕೇಳುವ ಮೊಮ್ಮಗಳು ಬೇರೆ ಭಾಷೆಯಲ್ಲಿ ಕೇಳಿದರೆ ಅವಳು ಹೇಗೆ ಹೇಳಬೇಕು?

ಹಿಂದಿ ಕಲಿಯುವುದು ತಪ್ಪಲ್ಲ. ನಾನು ಇಂಗ್ಲಿಷ್ ಅಡಿಬರಹ ಓದಿ ಓದಿ ನಾಲ್ಕು ಪದ ಹೆಚ್ಚು ಕಲಿತಿದ್ದೇನೆ. ಆದರೆ ನಮ್ಮ ಭಾಷೆಗೆ ಕುರ್ಚಿ ಯಾಕಿಲ್ಲ ಎಂಬುದು ನನ್ನ ಪ್ರಶ್ನೆ. 2025ರ ಸೆಪ್ಟೆಂಬರಿನಲ್ಲಿ ‘ಡೀಮನ್ ಸ್ಲೇಯರ್’ನ ‘ಇನ್ಫಿನಿಟಿ ಕ್ಯಾಸಲ್’ ಸಿನೆಮಾ ನಮ್ಮ ದೇಶದ ಥಿಯೇಟರುಗಳಿಗೆ ಬಂತು. ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು – ಕನ್ನಡ ಇಲ್ಲ. ಅದಕ್ಕೂ ಮೊದಲು, 2025ರ ಜನವರಿ 24ರಂದು, ಜಪಾನಿನ ಯುಗೋ ಸಾಕೊ ಅವರೂ ನಮ್ಮ ರಾಮ್ ಮೋಹನ್ ಅವರೂ ಕೂಡಿ ಮಾಡಿದ್ದ ಹಳೆಯ ರಾಮಾಯಣದ ಅನಿಮೆ ಮತ್ತೆ ಬಿಡುಗಡೆಯಾಯಿತು. ಅದೂ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ರಾಮ ಹನುಮಂತನನ್ನು ಕಂಡದ್ದು ನಮ್ಮ ಹಂಪಿಯ ಕಡೆಯ ಕಿಷ್ಕಿಂಧೆಯಲ್ಲಿ ಎಂದು ನಾವು ಹೇಳಿಕೊಳ್ಳುತ್ತೇವೆ. ಆ ರಾಮನಿಗೆ ಕನ್ನಡ ಬರಲಿಲ್ಲ!

ಇದಕ್ಕೆ ಹಿಂದಿನ ಕಾರಣವಿದೆ ಎಂದು ಸರ್ ತಿಳಿಸಿದರು. 1960ರ ದಶಕದಲ್ಲಿ ಕನ್ನಡ ಚಿತ್ರರಂಗ ಸಣ್ಣದಿತ್ತು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡ ಮಾತು ಹಚ್ಚಿ ಬಿಟ್ಟರೆ ನಮ್ಮ ಕಲಾವಿದರು ಏಳುವುದೇ ಇಲ್ಲ ಎಂದು ಡಬ್ಬಿಂಗ್ ವಿರೋಧಿಸಿದರು. ಆಗ ಅದು ಸರಿ ಇರಬಹುದು. ಸಸಿಗೆ ಬೇಲಿ ಬೇಕು. ಆದರೆ ಮರವಾದ ಮೇಲೂ ಬೇಲಿ ತೆಗೆಯಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪು ಎಂದು ಹೇಳಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ಡಬ್ಬಿಂಗ್ ಚಿತ್ರ ಬಂತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿ ಕನ್ನಡದಲ್ಲಿ ಬಂದಾಗ ನಮ್ಮ ಅಜ್ಜ, ಆಯಿ ಇಬ್ಬರೂ ಒಂದು ದಿನ ಬಿಡದೆ ನೋಡಿದರು. ಕನ್ನಡ ಕೆಟ್ಟಿತೇ? ಇಲ್ಲ. ಮರುದಿನ ನೀರಿನ ಟಾಕಿಯ ಹತ್ತಿರ ಶಕುನಿಯ ಮಾತೇ ಮಾತು. ಮಾತು ಕೊಡುವ ಕಲಾವಿದರಿಗೂ, ಬರೆಯುವವರಿಗೂ ಕೆಲಸ ಸಿಕ್ಕಿತು.

“ಹಂಗಾದ್ರ ನೀವೇನು ಮಾಡ್ತೀರಿ?” ಎಂದು ಅಕ್ಕೋರು ನನ್ನನ್ನು ಕೇಳಿದರು. ಕಂಪನಿಗಳು ಧುಪದಾಳದ ಹುಡುಗನ ಮಾತು ಕೇಳುತ್ತವೆಯೇ? ಕೇಳಿದ ಉದಾಹರಣೆ ಒಂದಿದೆ. ಮಕೋಟೊ ಶಿಂಕಾಯಿ ಎಂಬ ನಿರ್ದೇಶಕರ ‘ವೆದರಿಂಗ್ ವಿತ್ ಯೂ’ ಚಿತ್ರ ನಮ್ಮ ದೇಶಕ್ಕೂ ಬರಲಿ ಎಂದು ಐವತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಮಾಡಿದರು. 2019ರ ಅಕ್ಟೋಬರಿನಲ್ಲಿ ಅದು ಇಲ್ಲಿ ಬಿಡುಗಡೆಯಾಯಿತು. ಕೇಳಿದವರಿಗೆ ಸಿಗುತ್ತದೆ. ನಾವು ಕನ್ನಡದಲ್ಲಿ ಬೇಕು ಎಂದು ಕೇಳಿಯೇ ಇಲ್ಲ, ಸಿಕ್ಕಿದ್ದನ್ನು ಹಿಂದಿಯಲ್ಲಿ ನುಂಗಿ ಸುಮ್ಮನಿದ್ದೇವೆ.

ಆದರೆ ಕಂಪನಿಯ ದಾರಿ ಕಾಯುತ್ತ ಕೂಡುವುದೂ ಬೇಡ. ನಾನು ಒಂದು ಕೆಲಸ ಮಾಡಿ ನೋಡಿದೆ. ಫ್ರೀರೆನ್ ಕತೆಯನ್ನು ಒಲೆಯ ಮುಂದೆ ಕೂತು ಆಯಿಗೆ ನಮ್ಮ ಮಾತಿನಲ್ಲಿ ಹೇಳಿದೆ. ತಂಗಿಯೂ ಬಂದು ಕೂತಳು. ಆಯಿ ನಡುನಡುವೆ ಕೇಳಿದಳು: “ಐವತ್ತ ವರ್ಸ ಬರಲಿಲ್ಲಂದ್ರ ಅಕಿಗೆ ಮನಿ ಮಾರು ಇರಲಿಲ್ಲೇನು? ಅಂವ ಮದವಿ ಆಗಿದ್ನೇನು?” ಮೊದಲನೆಯದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಎರಡನೆಯದಕ್ಕೆ “ಇಲ್ಲ ಆಯೀ” ಅಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರ ಅಂವ ಅಕಿ ದಾರೀನ ಕಾದಾನ” ಅಂದಳು. ಇಪ್ಪತ್ತೆಂಟು ಕಂತು ನೋಡಿದ ನನಗೆ ಅದು ಅಷ್ಟು ನೇರವಾಗಿ ಹೊಳೆದಿರಲಿಲ್ಲ. ಆಮೇಲೆ ತಂಗಿ, “ಆಯೀ, ಈಗ ನಿಂದೊಂದು ಕತಿ ಹೇಳ” ಅಂದಳು. ಕನ್ನಡದಲ್ಲಿಯೇ ಅಂದಳು.

ಕೊನೆಗೆ ನನ್ನ ಮೂರು ಸೂಚನೆಗಳು. ಒಂದು, ಸಣ್ಣವರ ಮುಂದೆ ರಕ್ತದ ಅನಿಮೆ ಹಚ್ಚಬಾರದು. ದೊಡ್ಡವರಾದ ನಾವೇ ಈ ನಿಯಮ ಪಾಲಿಸಬೇಕು. ಎರಡು, ದಿನಕ್ಕೆ ಒಂದೇ ಕಂತು, ಅದೂ ಅಭ್ಯಾಸ ಮುಗಿದ ಮೇಲೆ. ಇದು ನನಗೇ ಎಲ್ಲಕ್ಕಿಂತ ಕಠಿಣ. ಮೂರು, ಶನಿವಾರ ಕೊನೆಯ ತಾಸಿನಲ್ಲಿ ಒಬ್ಬೊಬ್ಬರು ತಾವು ನೋಡಿದ ಒಂದು ಕತೆಯನ್ನು ಕನ್ನಡದಲ್ಲಿ ಹೇಳಬೇಕು, ಅದರ ಜೊತೆ ಮನೆಯ ಹಿರಿಯರಿಂದ ಕೇಳಿದ ಒಂದು ಸಂಗತಿಯನ್ನೂ ಹೇಳಬೇಕು. ಗುರುಗಳು ಒಪ್ಪಿಗೆ ಕೊಟ್ಟರೆ ಮೊದಲ ಶನಿವಾರ ನಾನೇ ನಿಲ್ಲುತ್ತೇನೆ.

ಅಜ್ಜ ಹೇಳಿದ ಹಕ್ಕಿಗಳ ಹೆಸರಿನಲ್ಲಿ ನಾಲ್ಕು ಮಾತ್ರ ನನಗೆ ನೆನಪಿವೆ. ಉಳಿದವು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದ್ದರೆ ದಯವಿಟ್ಟು ಕೇಳಿಕೊಂಡು ಬಂದು ಈ ಹಾಳೆಯ ಕೆಳಗೆ ಬಿಟ್ಟ ಖಾಲಿ ಜಾಗದಲ್ಲಿ ಬರೆಯಿರಿ. ನನ್ನ ಮಾತಿನಲ್ಲಿ ತಪ್ಪಿದ್ದರೆ ಅದನ್ನೂ ಅಲ್ಲೇ ಬರೆಯಿರಿ.

– 9ನೇ ಇಯತ್ತೆಯ ಒಬ್ಬ ವಿದ್ಯಾರ್ಥಿ, ಧುಪದಾಳ