ಖೊಟ್ಟಿ ಗಾಯ, ಖರೆ ಗಾಯ

ಮುರಗೋಡದ ಒಬ್ಬ ಕಿರಾಣಿ ವ್ಯಾಪಾರಸ್ಥರು ಮೊನ್ನೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು. ಮೊಬಾಯಿಲಿನಲ್ಲಿ ಒಂದು ಎಕ್ಸ್-ರೇ ಚಿತ್ರ, ಮುಖದಲ್ಲಿ ಮೂರು ರಾತ್ರಿ ನಿದ್ದೆಗೆಟ್ಟ ಕಳೆ. ನಡೆದದ್ದು ಇಷ್ಟು. ಸಂತೆಯ ದಿವಸ ಅಂಗಡಿಯ ಮುಂದೆ ನಿಲ್ಲಿಸಿದ್ದ ಕಾರನ್ನು ಹಿಂದಕ್ಕೆ ಸರಿಸುವಾಗ ಅದು ಒಬ್ಬ ಹುಡುಗನ ಮೋಟಾರ್ ಸೈಕಲ್ಲಿಗೆ ತಾಗಿತು. ಹುಡುಗ ಬೈಲಹೊಂಗಲದ ಹತ್ತಿ ಜಿನ್ನಿನಲ್ಲಿ ದುಡಿಯುವವನು. ಬಿದ್ದ, ಎದ್ದ, ಮೊಣಕಾಲು ಜಾಡಿಸಿಕೊಂಡ. "ಏನಾತೋ ತಮ್ಮಾ?" ಎಂದು ಇವರು ಕೇಳಿದರೆ, "ಏನಿಲ್ರಿ ಕಾಕಾ, ತೊಗಲು ಕೆತ್ತೇತಿ ಅಷ್ಟ" ಅಂದ. ಇಬ್ಬರೂ ಕೂಡಿ ಚಹಾ ಕುಡಿದರು. ಹುಡುಗ ಊರಿಗೆ ಹೋದ.

ನಾಲ್ಕನೆಯ ದಿನ ಅಂಗಡಿಗೆ ಬಂದವನು ಹುಡುಗನಲ್ಲ. ಇಸ್ತ್ರಿಯ ಅಂಗಿ ತೊಟ್ಟ ಇನ್ನೊಬ್ಬ. "ಸಾವಕಾರ್ರ, ಹುಡುಗನ ಕಾಲು ಮುರದೈತ್ರಿ. ಕೇಸ್ ಆದ್ರ ನಿಮ್ಮ ಗಾಡಿ ಠಾಣೇದಾಗ ನಿಂದರ್ತೈತಿ, ನೀವು ಕೋರ್ಟಿಗೆ ಅಡ್ಡಾಡತೀರಿ. ಐವತ್ತು ಸಾವಿರ ಕೊಟ್ಟ ಮುಗಸ್ರಿ" ಎಂದು ಚಿತ್ರ ತೋರಿಸಿದ. ವ್ಯಾಪಾರಸ್ಥರು ನಮ್ಮನ್ನು ಕೇಳಿದ ಪ್ರಶ್ನೆ ಒಂದೇ: ಕೊಟ್ಟು ಕೈ ತೊಳೆದುಕೊಳ್ಳಲೋ ಬೇಡವೋ?

ಬೇಡ. ಒಂದು ರೂಪಾಯಿಯನ್ನೂ ಈ ಮನುಷ್ಯನ ಕೈಯಲ್ಲಿ ಇಡಬೇಡಿರಿ ಎಂದು ನಾವು ಹೇಳಿದೆವು. ಅದರ ಕಾರಣಗಳನ್ನು ಇಲ್ಲಿ ಬಿಚ್ಚಿ ಬರೆಯುತ್ತಿದ್ದೇವೆ. ಏಕೆಂದರೆ ಈ ಪತ್ರಿಕೆಯನ್ನು ಗಾಡಿಯ ಒಡೆಯನಾದ ಸಣ್ಣ ವ್ಯಾಪಾರಿಯೂ ಓದುತ್ತಾನೆ, ಗಾಡಿ ತಾಗಿ ಬೀಳುವ ಗಿರಣಿಯ ಆಳೂ ಓದುತ್ತಾನೆ. ಇಬ್ಬರನ್ನೂ ಒಂದೇ ಗಾಣಕ್ಕೆ ಹಾಕಿ ಎಣ್ಣೆ ತೆಗೆಯುವ ದಲಾಲನು ಇಬ್ಬರ ನಡುವೆ ನಿಂತಿದ್ದಾನೆ.

ಮೊದಲು ಸಾವಕಾರರ ತಪ್ಪನ್ನೇ ಹೇಳಿಬಿಡೋಣ. ಚಹಾ ಕುಡಿಸಿದ್ದು ಒಳ್ಳೆಯ ಮನಸ್ಸು. ಆದರೆ ಕಾಯಿದೆಗೆ ಚಹಾ ಸಾಲದು. 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮಿನ ಪ್ರಕಾರ, ಪೆಟ್ಟಾದವನನ್ನು ದವಾಖಾನೆಗೆ ಒಯ್ಯಬೇಕು, 24 ತಾಸಿನೊಳಗೆ ಪೊಲೀಸ್ ಠಾಣೆಗೆ ತಿಳಿಸಬೇಕು, ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಅಂದೇ ಮುರಗೋಡ ಠಾಣೆಯಲ್ಲಿ ನಾಲ್ಕು ಸಾಲು ಬರೆಯಿಸಿ, ಸರಕಾರಿ ದವಾಖಾನೆಯಲ್ಲಿ ಹುಡುಗನ ಕಾಲು ತೋರಿಸಿ, ಗಾಡಿ ಹಾಗೂ ಸೈಕಲ್ಲಿನ ಫೋಟೋ ತೆಗೆದಿಟ್ಟಿದ್ದರೆ ನಾಲ್ಕನೆಯ ದಿನದ ಇಸ್ತ್ರಿ ಅಂಗಿಗೆ ಅಂಗಡಿಯ ಹೊಸ್ತಿಲು ದಾಟುವ ಧೈರ್ಯವೇ ಬರುತ್ತಿರಲಿಲ್ಲ. ಪೊಲೀಸರಿಗೆ ಹೆದರಿ ಠಾಣೆಯನ್ನು ತಪ್ಪಿಸುವವನು ದಲಾಲನ ಬಾಗಿಲಿಗೆ ತಾನೇ ನಡೆದುಹೋಗುತ್ತಾನೆ.

ಇನ್ನೊಂದು ಮಾತು ವ್ಯಾಪಾರಸ್ಥರಿಗೆ ಗೊತ್ತಿರುವದಿಲ್ಲ. ಪಾಲಸಿಯ ಕರಾರಿನಲ್ಲಿಯೇ, ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಮಾಲೀಕನು ತಪ್ಪೊಪ್ಪಿಕೊಳ್ಳಬಾರದು, ಹಣ ಕೊಡುತ್ತೇನೆಂದು ಮಾತು ಕೊಡಬಾರದು ಎಂದು ಬರೆದಿರುತ್ತದೆ. ಅಂದರೆ ಇಂದು ಐವತ್ತು ಸಾವಿರ ಕೊಟ್ಟು, ನಾಳೆ ಅದೇ ಹುಡುಗನ ಹೆಸರಿನಲ್ಲಿ ದಾವೆ ಬಂದರೆ, ಕೊಟ್ಟ ಹಣವೂ ಹೋಯಿತು, ಕಂಪನಿಗೆ ತಕರಾರು ತೆಗೆಯಲು ದಾರಿಯೂ ಆಯಿತು. ಬಿಳಿ ಹಾಳೆಯ ಮೇಲೆ ಹುಡುಗನ ಹೆಬ್ಬೆರಳು ಒತ್ತಿಸಿಕೊಟ್ಟರೆ ಕೇಸು ಮುಗಿಯಿತೆಂದು ತಿಳಿಯುವವರು ಕೋರ್ಟಿನ ಕಟ್ಟೆಯನ್ನು ಒಮ್ಮೆಯೂ ಹತ್ತಿಲ್ಲ. ವರ್ಷ ವರ್ಷ ಮೂರನೆಯವರ ವಿಮೆಯ ಕಂತು ಕಟ್ಟುವದು ಇಂಥ ದಿನಕ್ಕಾಗಿಯೇ. ಕಾಗದಗಳು ಸರಿಯಿದ್ದರೆ ಖರೆ ಗಾಯದ ಹಣವನ್ನು ಕಂಪನಿ ಕೊಡಬೇಕು, ಖೊಟ್ಟಿ ಗಾಯವನ್ನು ಕಂಪನಿಯ ವಕೀಲನೇ ಪ್ರಶ್ನಿಸಬೇಕು. (ಸರಕಿನ ಸಣ್ಣ ಗಾಡಿ ಇಟ್ಟವರಿಗೆ ಒಂದು ಸಮಾಧಾನ: 7,500 ಕಿಲೋ ಒಳಗಿನ ಗಾಡಿಯನ್ನು ಲಘು ವಾಹನದ ಲೈಸೆನ್ಸಿನ ಮೇಲೆಯೇ ನಡೆಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ. "ನಿಮ್ಮ ಲೈಸೆನ್ಸು ನಡೆಯೂದಿಲ್ಲ" ಎಂದು ಹೆದರಿಸುವವರಿಗೆ ಇದನ್ನು ತೋರಿಸಿರಿ.)

ಇನ್ನು ಎಲುಬಿನ ಮಾತು. ದಲಾಲರಿಗೆ ಮುರಿದ ಎಲುಬಿನ ಮೇಲೇಕೆ ಇಷ್ಟು ಪ್ರೀತಿ? ಕೆತ್ತಿದ ತೊಗಲಿಗೆ ಬೆಲೆಯಿಲ್ಲ. ಎಲುಬು ಮುರಿದರೆ ಅಥವಾ ಕೀಲು ತಪ್ಪಿದರೆ ಅದು ಕಾಯಿದೆಯ ಭಾಷೆಯಲ್ಲಿ ಭಾರೀ ಗಾಯ. ಯಾರ ತಪ್ಪೆಂದು ಸಿದ್ಧಪಡಿಸದೆಯೂ ಭಾರೀ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಡಬೇಕೆಂಬ ಕಲಮು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬಡವನಿಗೆ ಬೇಗ ಪರಿಹಾರ ಸಿಗಲೆಂದು ಮಾಡಿದ ಕಲಮು ಇದು, ಒಳ್ಳೆಯ ಕಲಮು. ಆದರೆ ಕೂದಲೆಳೆಯಂಥ ಒಂದು ಬಿರುಕು ಫಿಲ್ಮಿನ ಮೇಲೆ ಮೂಡಿದರೆ ಲಕ್ಷಗಳ ಬಾಗಿಲು ತೆರೆಯುತ್ತದೆಂದಾಗ, ಫಿಲ್ಮು ಯಾರದು, ಕಾಲು ಯಾರದು ಎಂದು ಕೇಳುವವರು ಬೇಕಾಗುತ್ತದೆ. ತಾನೇ ಜಾರಿ ಬಿದ್ದವನನ್ನು ಗಾಡಿ ಹಾಯ್ದವನನ್ನಾಗಿ ಮಾಡುವದು, ವಿಮೆಯಿಲ್ಲದ ಗಾಡಿಯ ಜಾಗದಲ್ಲಿ ವಿಮೆಯಿದ್ದ ಗಾಡಿಯ ನಂಬರು ಬರೆಯಿಸುವದು, ಚಿಕಿತ್ಸೆಯನ್ನೇ ಕೊಡದ ಡಾಕ್ಟರರಿಂದ ಶೇಕಡಾ ಮೂವತ್ತು ಅಂಗವಿಕಲತೆಯ ಸರ್ಟಿಫಿಕೇಟು ತರುವದು, ಇವೆಲ್ಲ ಈ ದಂಧೆಯ ಹಳೆಯ ಪಟ್ಟುಗಳು. ಉತ್ತರ ಪ್ರದೇಶದಲ್ಲಿ 2015ರಲ್ಲಿ ಅಲಹಾಬಾದ ಹೈಕೋರ್ಟಿನ ಆದೇಶದಿಂದ ಇದಕ್ಕೆಂದೇ ವಿಶೇಷ ತನಿಖಾ ದಳ ನೇಮಕವಾಯಿತು. ಅದರ ಮುಂದೆ ಬಂದ ಸಂಶಯಾಸ್ಪದ ದಾವೆಗಳು ಸಾವಿರಕ್ಕೂ ಮಿಕ್ಕಿದವು. ವಕೀಲರ ಹೆಸರುಗಳೂ ಹೊರಬಿದ್ದವು. 2021ರಲ್ಲಿ ಸುಪ್ರೀಂ ಕೋರ್ಟು ಅಲ್ಲಿಯ ಬಾರ್ ಕೌನ್ಸಿಲಿನ ಅಲಕ್ಷ್ಯವನ್ನು ಕಟುವಾಗಿ ಟೀಕಿಸಿತು.

ಹಾಗಾದರೆ ಮುರಗೋಡದ ಹುಡುಗನೂ ಕಳ್ಳನೇ? ಹಾಗೆಂದು ನಾವು ಹೇಳಲಿಲ್ಲ, ಸಾವಕಾರರಿಗೂ ಹೇಳಗೊಡಲಿಲ್ಲ. ಬಿದ್ದ ಕೂಡಲೆ ಮೈ ಬಿಸಿಯಿರುತ್ತದೆ, ನಾಚಿಕೆಯೂ ಇರುತ್ತದೆ. "ಏನಿಲ್ರಿ" ಎಂದು ಎದ್ದವನ ಕಾಲು ಮರುದಿನ ಬಾತು ನೆಲಕ್ಕೆ ಊರಲು ಬಾರದಂತಾಗುವದು ಹೊಸ ಸಂಗತಿಯಲ್ಲ. ಫಿರ್ಯಾದಿ ತಡವಾಯಿತೆಂಬ ಒಂದೇ ಕಾರಣಕ್ಕೆ ದಾವೆಯನ್ನು ಸುಳ್ಳೆನ್ನಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದೆ. ಸಂಶಯ ಬೇರೆ, ತೀರ್ಪು ಬೇರೆ. ಗಾಯ ಖರೆಯೋ ಖೊಟ್ಟಿಯೋ ಎಂಬುದನ್ನು ತೀರ್ಮಾನಿಸುವವನು ಅಂಗಡಿಕಾರನೂ ಅಲ್ಲ, ದಲಾಲನೂ ಅಲ್ಲ, ಕಂಪನಿಯ ತನಿಖೆಗಾರನೂ ಅಲ್ಲ. ಅದಕ್ಕೆ ಸರಕಾರಿ ದವಾಖಾನೆಯಿದೆ, ಬೇಕಾದರೆ ಮೆಡಿಕಲ್ ಬೋರ್ಡು ಇದೆ, ಕ್ಲೇಮು ನ್ಯಾಯಮಂಡಳಿಯಿದೆ. ಉದಾರವಾಗಿ ಸರ್ಟಿಫಿಕೇಟು ಹಂಚುವ ಡಾಕ್ಟರರ ಬಗ್ಗೆ ಎಚ್ಚರಿರಬೇಕು, ಸಂಶಯ ಬಂದರೆ ಬೋರ್ಡಿಗೆ ಕಳಿಸಬೇಕು ಎಂದು ಸುಪ್ರೀಂ ಕೋರ್ಟು 2010ರ ಅಕ್ಟೋಬರಿನ ತೀರ್ಪೊಂದರಲ್ಲಿ ನ್ಯಾಯಮಂಡಳಿಗಳಿಗೆ ಹೇಳಿತು. ಅದೇ ತೀರ್ಪಿನಲ್ಲಿಯೇ, ಎಡಗೈ ಹೋದ ಗುಮಾಸ್ತನು ನೌಕರಿ ಮುಂದುವರಿಸಬಹುದು, ಎಡಗೈ ಹೋದ ಬಡಿಗನ ಬದುಕೇ ಹೋಗುತ್ತದೆ, ಆದುದರಿಂದ ಗಾಯವನ್ನು ದುಡಿಮೆಯ ತಕ್ಕಡಿಯಲ್ಲಿ ತೂಗಬೇಕು ಎಂದೂ ಹೇಳಿತು. ಮೊದಲಿನ ಅರ್ಧವನ್ನು ಕಂಪನಿಯ ವಕೀಲರು ಬಾಯಿಪಾಠ ಮಾಡಿದ್ದಾರೆ. ಎರಡನೆಯ ಅರ್ಧವನ್ನು ನಮ್ಮವರು ಮಾಡಬೇಕು.

ಇಷ್ಟು ಬರೆದ ಮೇಲೆ ಕಂಪನಿಗಳ ಕಡೆಗೆ ತಿರುಗದಿದ್ದರೆ ಈ ಲೇಖನಿಗೆ ಲಜ್ಜೆಯಿಲ್ಲವೆಂದಾದೀತು. ಖೊಟ್ಟಿ ದಾವೆ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುವವರು ಅವರೇ. ಆ ಕೂಗಿನ ನೆರಳಿನಲ್ಲಿ ಏನೇನು ನಡೆಯಿತು ನೋಡಿರಿ. 2016ರ ತಿದ್ದುಪಡಿ ಮಸೂದೆಯಲ್ಲಿ, ಮೂರನೆಯವರ ವಿಮೆಯ ಹೊಣೆ ಸಾವಿಗೆ 10 ಲಕ್ಷ, ಭಾರೀ ಗಾಯಕ್ಕೆ 5 ಲಕ್ಷ, ಅದರಾಚೆ ಇಲ್ಲ ಎಂದು ಗೆರೆ ಕೊರೆಯಲು ಹೊರಟಿದ್ದರು. ವಿರೋಧ ಬಂದುದರಿಂದ ಆ ಗೆರೆ ಅಳಿಯಿತು. ಅದು ಉಳಿದಿದ್ದರೆ ಹೆಚ್ಚಿನ ಹಣ ಯಾರ ತಲೆಗೆ? ನಮ್ಮ ಕಿರಾಣಿ ಅಂಗಡಿಯ ಗಲ್ಲೆಗೆ! 1994ರಲ್ಲಿ ಕಿತ್ತೊಗೆದಿದ್ದ ಆರು ತಿಂಗಳ ಅವಧಿಯನ್ನು 2019ರ ತಿದ್ದುಪಡಿಯಲ್ಲಿ ಮತ್ತೆ ತಂದು 2022ರಿಂದ ಜಾರಿಗೊಳಿಸಿದರು. ಆರು ತಿಂಗಳು ಪ್ಲಾಸ್ಟರಿನಲ್ಲಿ ಮಲಗಿದವನು, ಕಬ್ಬು ಕಡಿಯಲು ಪರಜಿಲ್ಲೆಗೆ ಹೋದವನು, ಕಾಗದ ಓದಲು ಬಾರದ ವಿಧವೆ, ಇವರೆಲ್ಲ ಏಳನೆಯ ತಿಂಗಳಿಗೆ ಬಂದರೆ ಹೊರಗೆ. ದಲಾಲನಿಗೆ ಮಾತ್ರ ಇದರಿಂದ ಏನೂ ತೊಂದರೆಯಿಲ್ಲ. ಅವನು ನಾಲ್ಕನೆಯ ದಿನಕ್ಕೇ ಬಂದಿರುತ್ತಾನೆ. ಈ ಕಲಮಿನ ಸಿಂಧುತ್ವ ತೀರ್ಮಾನವಾಗುವವರೆಗೆ ಅವಧಿ ಮೀರಿತೆಂದು ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಇನ್ನು ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಕುಳಿತು ಜಾತ್ರೆಗೋ ಕೂಲಿಗೋ ಹೋಗುವ ನಮ್ಮ ಜನ ಉರುಳಿ ಸತ್ತರೆ, ಸರಕಿನ ಗಾಡಿಯಲ್ಲಿ ಪುಕ್ಕಟೆ ಕುಳಿತವರಿಗೆ ವಿಮೆಯಿಲ್ಲ ಎಂದು 2003ರ ತೀರ್ಪನ್ನು ಮುಂದೆ ಹಿಡಿಯುತ್ತಾರೆ. ಅಲ್ಲಿ ಗಾಯ ಖೊಟ್ಟಿಯಲ್ಲ, ಹೆಣ ಖೊಟ್ಟಿಯಲ್ಲ, ಆದರೂ ಹಣವಿಲ್ಲ.

ಆದರೂ ದಲಾಲನನ್ನು ಕಂಪನಿಯ ಶತ್ರು, ಬಡವರ ಮಿತ್ರ ಎಂದು ತಿಳಿಯುವ ಗಿರಣಿಯ ಗೆಳೆಯರಿದ್ದಾರೆ. "ಕಂಪನಿ ರೊಕ್ಕ ಹೋದ್ರ ನಮಗೇನ್ರಿ?" ಎಂದು ಕೇಳುತ್ತಾರೆ. ಗೆಳೆಯಾ, ಆ ಹುಡುಗನ ಹೆಸರಿನ ಎರಡೂವರೆ ಲಕ್ಷದಲ್ಲಿ ಅವನ ಕೈಗೆ ಬರುವದೆಷ್ಟು? ದಲಾಲನ ಪಾಲು, ಸರ್ಟಿಫಿಕೇಟಿನ ಪಾಲು, ಶೇಕಡಾವಾರು ಫೀಯ ಪಾಲು. ತೀರ್ಪಿನ ಮೇಲೆ ಶೇಕಡಾ ಲೆಕ್ಕದ ಫೀ ಕರಾರು ಮಾಡಿಕೊಳ್ಳುವದನ್ನು ಬಾರ್ ಕೌನ್ಸಿಲಿನ ನಿಯಮವೇ ನಿಷೇಧಿಸಿದೆಯೆಂಬುದು ಎಷ್ಟು ಜನರಿಗೆ ಗೊತ್ತು? ಸಿಕ್ಕಿಬಿದ್ದ ದಿನ ಸುಳ್ಳು ಸಾಕ್ಷಿಯ, ಮೋಸದ ಖಟ್ಲೆ ಮಾತ್ರ ಪೂರ್ತಿ ಹುಡುಗನ ಪಾಲು. ಅರ್ಜಿಯ ಮೇಲೆ ಸಹಿ ಅವನದೇ. ಮತ್ತು ಮರುದಿನ ನಿಜವಾಗಿ ಕಾಲು ಮುರಿದ ಇನ್ನೊಬ್ಬ ಜಿನ್ನಿನ ಆಳು ಅದೇ ನ್ಯಾಯಮಂಡಳಿಯ ಕಟ್ಟೆ ಹತ್ತಿದಾಗ, ಕಂಪನಿಯ ವಕೀಲ ನಕ್ಕು, "ಸ್ವಾಮೀ, ಈ ಕಡೆಯ ಎಲುಬುಗಳೆಲ್ಲ ಹೀಗೆಯೇ ಮುರಿಯುತ್ತವೆ" ಎನ್ನುತ್ತಾನೆ. ಕಂಪನಿಯ ಖಜಾನೆಗೆ ಆದ ಗಾಯ ಕಂತಿನ ದರದಿಂದ ಮಾಯುತ್ತದೆ. ಈ ಗಾಯ ಮಾಯುವದಿಲ್ಲ.

ನಾವು ಸಾವಕಾರರನ್ನು ಕರೆದುಕೊಂಡು ಹುಡುಗನ ಮನೆಗೇ ಹೋದೆವು. ದಲಾಲನಿರಲಿಲ್ಲ. ಹುಡುಗ ಕಾಲು ಚಾಚಿ ಕಟ್ಟೆಯ ಮೇಲೆ ಕುಳಿತಿದ್ದ; ಮೊಣಕಾಲು ಖರೆಯಾಗಿಯೇ ಬಾತಿತ್ತು. ಫಿಲ್ಮು ತನ್ನದಲ್ಲವೆಂದು ಮೊದಲು ಹೇಳಲಿಲ್ಲ, ತಲೆ ತಗ್ಗಿಸಿದ. ಅವನ ತಾಯಿ ಹೇಳಿದಳು: "ಹದಿನೈದು ದಿನ ಕೆಲಸಕ್ಕ ಹೋಗಬ್ಯಾಡ ಅಂದಾರ್ರಿ ಡಾಕ್ಟರು. ಹೋಗದಿದ್ರ ಪಗಾರ ಯಾರ್ ಕೊಡ್ತಾರ್ರಿ? ಆ ಮನಿಷಾ ಬಂದು ನಾ ಕೊಡಿಸ್ತೀನಿ ಅಂದ."

ಇಲ್ಲಿದೆ ನೋಡಿರಿ ಬೇರು. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಲ್ಲಿ ಕಾಯಿಲೆ ಬಿದ್ದ ಕಾರ್ಮಿಕನಿಗೆ ವರ್ಷಕ್ಕೆ 91 ದಿನಗಳವರೆಗೆ ಪಗಾರದ ಶೇಕಡಾ 70ರಷ್ಟು ಸಿಗುವ ಏರ್ಪಾಡು ಬಂದಿತು. ರಸ್ತೆಯಲ್ಲಿ ಬಿದ್ದು ದುಡಿಯಲಾರದೆ ಮಲಗಿದರೂ ಅದು ಕಾಯಿಲೆಯ ರಜೆಯೇ. ಹದಿನೈದು ದಿನದ ಊಟಕ್ಕೆ ದಲಾಲನ ಮುಖ ನೋಡಬೇಕಿಲ್ಲ. ಆದರೆ ಅದೇ ಕಾಯಿದೆ ಹಂಗಾಮಿ ಕಾರಖಾನೆಗಳನ್ನು ಹೊರಗಿಟ್ಟಿತು. ಯಾವುವು ಆ ಹಂಗಾಮಿ ಕಾರಖಾನೆಗಳು? ಹತ್ತಿಯ ಜಿನ್ನು, ಹತ್ತಿಯ ಪ್ರೆಸ್ಸು, ಶೇಂಗಾ ಸುಲಿಯುವ ಗಿರಣಿ, ಸಕ್ಕರೆ, ಬೆಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ, ಕಿತ್ತೂರುಗಳ ದುಡಿಯುವ ಜನರನ್ನು ಹೆಸರು ಹಿಡಿದು ಕರೆದು ಬಾಗಿಲ ಹೊರಗೆ ನಿಲ್ಲಿಸಿದಂತಿಲ್ಲವೇ? ಎಪ್ಪತ್ತು ವರ್ಷ ಕಳೆದ ಮೇಲೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂತು, 2025ರ ನವೆಂಬರ್ 21ರಂದು ಜಾರಿಗೂ ಬಂತು. ಹಂಗಾಮಿ ಕಾರಖಾನೆ ಅದರಲ್ಲಿಯೂ ಹೊರಗೇ. ಹಂಗಾಮು ಮುಗಿದ ಮೇಲೆ ಆಳಿನ ಹೊಟ್ಟೆಯೂ ಮುಚ್ಚುತ್ತದೆಂದು ದಿಲ್ಲಿಯವರು ತಿಳಿದಿರಬೇಕು.

ಹುಡುಗನನ್ನು ಸರಕಾರಿ ದವಾಖಾನೆಗೆ ಒಯ್ದೆವು. ಎಲುಬು ಮುರಿದಿಲ್ಲ, ಮೊಣಕಾಲಿನ ಒಳಗಿನ ನಾರು ಎಳೆದಿದೆ, ಎರಡು ವಾರ ವಿಶ್ರಾಂತಿ ಎಂದು ಬರೆದುಕೊಟ್ಟರು. ಸಾವಕಾರರು ತಡವಾದರೂ ಠಾಣೆಯಲ್ಲಿ ನಡೆದದ್ದನ್ನು ನಡೆದಂತೆ ಬರೆಯಿಸಿದರು, ಕಂಪನಿಗೂ ತಿಳಿಸಿದರು. ಗಿರಣಿ ಕಾರ್ಮಿಕನಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರ ಕಾಯಿದೆಯ 12ನೆಯ ಕಲಮಿನಲ್ಲಿದೆ. ಕೋರ್ಟಿನ ಆವಾರದಲ್ಲಿಯ ತಾಲೂಕಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರಾಯಿತು. ಹುಡುಗ ಕೊಟ್ಟ. ಔಷಧದ ಚೀಟಿಗಳು, ಎರಡು ವಾರದ ಪಗಾರ, ನೋವಿಗೆ ಒಂದಿಷ್ಟು: ಸಣ್ಣ ದಾವೆ, ಖರೆ ದಾವೆ.

ಪಗಾರದ ಚೀಟಿ ಕೇಳಲು ಜಿನ್ನಿನ ಮಾಲೀಕರ ಕಡೆಗೆ ಹೋದಾಗ, ಹುಡುಗನ ಹೆಸರು ತಮ್ಮ ಮಸ್ಟರಿನಲ್ಲಿಲ್ಲ ಎಂದರು. ಮೂರು ಹಂಗಾಮು ಅವನು ಅಲ್ಲಿ ಹತ್ತಿಯ ಚೀಲ ಹೊತ್ತಿದ್ದಾನೆ. ನಮ್ಮ ರಾಜ್ಯದ ಒಬ್ಬ ಕೂಲಿಕಾರನ ಪ್ರಕರಣದಲ್ಲಿ, ಕೂಲಿಯವನ ಹತ್ತಿರ ಆದಾಯದ ಕಾಗದ ಎಲ್ಲಿಂದ ಬರಬೇಕು, ಅವನು ಹೇಳಿದ ತಿಂಗಳಿಗೆ 4,500 ರೂಪಾಯಿಯ ಮಾತನ್ನು ನಂಬಬಾರದೇಕೆ ಎಂದು ಸುಪ್ರೀಂ ಕೋರ್ಟು 2011ರಲ್ಲಿ ಕೇಳಿತ್ತು. ಆ ತೀರ್ಪಿನ ಪ್ರತಿಯನ್ನು ಅರ್ಜಿಗೆ ಲಗತ್ತಿಸಿದ್ದೇವೆ. ಮಸ್ಟರಿನ ವಿಷಯವಾಗಿ ಕಾರ್ಮಿಕ ನಿರೀಕ್ಷಕರಿಗೆ ಬೇರೆ ಅರ್ಜಿ ಹೋಗಿದೆ; ಅದರ ಮೇಲೆ ಹುಡುಗನದಲ್ಲದೆ ಅದೇ ಜಿನ್ನಿನ ಇನ್ನೂ ಹದಿನೊಂದು ಜನರ ಸಹಿಗಳಿವೆ.