ಗ್ರೆಗರ್ ಸಾಮ್ಸಾ ಯಾರ ಜೀತದಾಳು?

ಆಧುನಿಕ ಸಾಹಿತ್ಯದಲ್ಲಿ ಮನುಷ್ಯ ತನ್ನ ಗುರುತನ್ನೇ ಕಳೆದುಕೊಂಡಿದ್ದಾನೆ ಅಂತ ನಮ್ಮ ವಿಮರ್ಶಕರು ಅಳೋದಕ್ಕೆ ಶುರುಮಾಡಿ ಅರವತ್ತು ವರ್ಷ ದಾಟಿತು. ನವ್ಯದ ಕಾಲದಲ್ಲಿ ಹತ್ತಿದ ಈ ಅಳು ಇವತ್ತಿಗೂ ಎಂ.ಎ. ತರಗತಿಗಳಲ್ಲಿ ನಿಂತಿಲ್ಲ. ಅನಾಥಪ್ರಜ್ಞೆ, ಪರಕೀಯತೆ, ಅಸಂಗತತೆ, ಅಸ್ತಿತ್ವದ ಬಿಕ್ಕಟ್ಟು. ಎಂಥೆಂಥಾ ಮಾತುಗಳು! ಈ ಮಾತುಗಳ ಮೆರವಣಿಗೆಯಲ್ಲಿ ಮುಂದೆ ಹೊತ್ತು ನಡೆಯುವ ಉತ್ಸವಮೂರ್ತಿ ಒಂದಿದೆ. ಅದು ಫ್ರಾಂಜ್ ಕಾಫ್ಕಾ 1912ರಲ್ಲಿ ಬರೆದ, 1915ರಲ್ಲಿ ಅಚ್ಚಾದ ‘ಮೆಟಮಾರ್ಫಸಿಸ್’ ಕಥೆ. ಗ್ರೆಗರ್ ಸಾಮ್ಸಾ ಎಂಬ ಯುವಕ ರಾತ್ರಿ ಮನುಷ್ಯನಾಗಿ ಮಲಗಿ ಬೆಳಿಗ್ಗೆ ಹುಳುವಾಗಿ ಏಳುತ್ತಾನೆ. ಯಾಕೆ ಹುಳುವಾದ? ‘ಮನುಷ್ಯನ ಪಾಡೇ ಹಾಗೆ’ ಅಂತಾರೆ ಪಂಡಿತರು. ಮಳೆ ಬಂದ ಹಾಗೆ, ಗ್ರಹಣ ಹಿಡಿದ ಹಾಗೆ. ಯಾರ ತಪ್ಪೂ ಇಲ್ಲ.

ನಾನು ಕೇಳೋದು ಇಷ್ಟೇ: ಸ್ವಾಮಿ, ಆ ಕಥೆಯೊಳಗೇ ಇರುವ ಸಾಲದ ಲೆಕ್ಕವನ್ನು ನೀವು ಯಾಕೆ ಓದೋದಿಲ್ಲ?

ಐದು ವರ್ಷದ ಹಿಂದೆ ಅಪ್ಪನ ವ್ಯಾಪಾರ ಮುರಿದುಬಿತ್ತು. ಅಪ್ಪ ಅಮ್ಮ ಒಬ್ಬ ಧಣಿಗೆ ಸಾಲಗಾರರಾದರು. ಆ ಧಣಿಯ ಕಂಪನಿಗೇ ಮಗ ಊರೂರು ಅಲೆದು ಬಟ್ಟೆ ವ್ಯಾಪಾರ ಕುದುರಿಸುತ್ತಾನೆ. ನಸುಕಿನಲ್ಲಿ ನಾಲ್ಕಕ್ಕೆ ಎದ್ದು ಐದರ ರೈಲು ಹಿಡಿಯಬೇಕು. ಸಾಲ ತೀರೋದಕ್ಕೆ ಇನ್ನೂ ಐದಾರು ವರ್ಷ. ಅಲ್ಲಿವರೆಗೆ ಧಣಿಯ ಮುಖ ನೋಡಿ ಒಂದು ಮಾತಾಡುವ ಹಾಗಿಲ್ಲ, ಕೆಲಸ ಬಿಡುವ ಹಾಗಿಲ್ಲ. ಒಂದೇ ಒಂದು ದಿನ ರೈಲು ತಪ್ಪಿದ್ದಕ್ಕೆ ಕಂಪನಿಯ ಮುಖ್ಯ ಗುಮಾಸ್ತನೇ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ.

ಅಪ್ಪನ ಸಾಲಕ್ಕೆ ಮಗ ದುಡಿಯೋದು. ಸಾಲ ಕೊಟ್ಟವನ ಹತ್ತಿರವೇ ದುಡಿಯೋದು. ತೀರೋವರೆಗೂ ಬಿಟ್ಟು ಹೋಗುವಂತಿಲ್ಲ ಅನ್ನೋದು. ನಮ್ಮ ಹಟ್ಟಿ ಕೇರಿಗಳಲ್ಲಿ ಇದಕ್ಕೆ ಒಂದೇ ಹೆಸರು: ಜೀತ. 1976ರ ಕಾನೂನು ಜೀತವನ್ನೂ ಅದರ ಸಾಲವನ್ನೂ ಅಳಿಸಿಹಾಕಿತು. ನಮ್ಮ ವಿಮರ್ಶೆಗೆ ಮಾತ್ರ ಆ ಪದ ಇನ್ನೂ ಕಿವಿಗೆ ಬಿದ್ದಿಲ್ಲ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಸಾಮ್ಸಾನಿಗೆ ಸಂಬಳ ಇತ್ತು, ಮನೆಯಲ್ಲಿ ಅಡುಗೆಗೆ ಆಳಿತ್ತು. ನಮ್ಮ ಜೀತದ ಹುಡುಗನಿಗೆ ದನದ ಕೊಟ್ಟಿಗೆ, ತಂಗಳು ಮುದ್ದೆ. ಆದರೆ ಕುಣಿಕೆ ಹೊಸೆದದ್ದು ಒಂದೇ ನಾರಿನಿಂದ.

ಇನ್ನು ಗುರುತು ಕಳೆದುಹೋದದ್ದು ಯಾವತ್ತು? ಹುಳುವಾದ ಬೆಳಿಗ್ಗೆ ಅಂತಾರೆ. ಸುಳ್ಳು. ಗೋಡೆ ಮೇಲೆ ಅವನದೇ ಒಂದು ಫೋಟೋ ತೂಗುತ್ತಿದೆ. ಸೈನ್ಯದ ಸಮವಸ್ತ್ರ, ಕತ್ತಿಯ ಮೇಲೆ ಕೈ, ಮುಖದ ಮೇಲೆ ನಗು. ಸಾಲದ ನೊಗಕ್ಕೆ ಕೊರಳು ಕೊಟ್ಟ ದಿನವೇ ಆ ಮನುಷ್ಯ ಮುಗಿದ. ಮೈ ಬದಲಾದದ್ದು ಆಮೇಲೆ. ಹುಳುವಾಗಿ ಬೆನ್ನ ಮೇಲೆ ಬಿದ್ದುಕೊಂಡಿರುವಾಗಲೂ ಅವನಿಗೆ ಇರೋ ಚಿಂತೆ ಏನು? ಮುಂದಿನ ರೈಲು ಎಷ್ಟು ಗಂಟೆಗೆ ಅನ್ನೋದು!

ಈಗ ಕುಟುಂಬದ ಕರ್ತವ್ಯಕ್ಕೆ ಬನ್ನಿ. ಮಗ ಮೂಲೆಗೆ ಬಿದ್ದ ಮೇಲೆ ಅಪ್ಪ ಬೀಗ ತೆಗೆದು ಲೆಕ್ಕ ಹೇಳುತ್ತಾನೆ. ಹಳೇ ವ್ಯಾಪಾರದ ಒಂದಿಷ್ಟು ಹಣ ಉಳಿದಿತ್ತು. ಮಗ ತಂದುಕೊಟ್ಟ ಸಂಬಳದಲ್ಲೂ ಉಳಿಸಿ ಇಟ್ಟಿದ್ದ. ಆ ಹಣ ಕಟ್ಟಿದ್ದರೆ ಸಾಲ ಬೇಗ ತೀರಿ ಮಗ ಬಿಡುಗಡೆ ಆಗ್ತಿದ್ದ. ಕಟ್ಟಲಿಲ್ಲ. ಇನ್ನೊಂದು ವಿಚಾರ: ಕೈಲಾಗದವನು ಅನ್ನಿಸಿಕೊಂಡಿದ್ದ ಅಪ್ಪ ಬ್ಯಾಂಕಿನ ಜವಾನನಾಗಿ ಎದೆ ಸೆಟೆಸಿ ನಿಲ್ಲುತ್ತಾನೆ. ಉಬ್ಬಸದ ಅಮ್ಮ ಅಂಗಡಿಗೆ ಬಟ್ಟೆ ಹೊಲಿಯುತ್ತಾಳೆ. ತಂಗಿ ಅಂಗಡಿಯಲ್ಲಿ ಮಾರಾಟಕ್ಕೆ ನಿಲ್ಲುತ್ತಾಳೆ. ಅಂದರೆ ಎಲ್ಲರ ಕೈಯಲ್ಲೂ ಶಕ್ತಿ ಇತ್ತು! ಹಾಗಾದರೆ ‘ನಿನ್ನ ಬಿಟ್ಟರೆ ನಮಗೆ ಯಾರಿದ್ದಾರೆ’ ಅನ್ನೋ ಮಾತು ಏನು? ಅದು ಪ್ರೀತಿಯ ವೇಷ ಹಾಕಿದ ಬಡ್ಡಿ ಪತ್ರ. ದುಡಿಯೋವರೆಗೆ ಮಗ, ದುಡಿಮೆ ನಿಂತ ದಿನ ‘ಇದು’. ತಂಗಿಯ ಬಾಯಲ್ಲೇ ‘ಇದನ್ನ ತೊಲಗಿಸಬೇಕು’ ಅನ್ನೋ ಮಾತು ಬರುತ್ತೆ. ಅಣ್ಣ ಸತ್ತ ದಿನವೇ ಅಪ್ಪ ಅಮ್ಮನ ಕಣ್ಣು ಬೆಳೆದ ಮಗಳ ಮೇಲೆ ಬೀಳುತ್ತೆ. ನೊಗ ಖಾಲಿ ಇರೋದಿಲ್ಲ.

ಇದು ಕಾಫ್ಕಾ ಕನಸಲ್ಲಿ ಕಂಡದ್ದಲ್ಲ. ಅವನು 1908ರಿಂದ 1922ರವರೆಗೆ ಪ್ರಾಗ್‌ನಲ್ಲಿ ಕಾರ್ಮಿಕರ ಅಪಘಾತ ವಿಮೆಯ ಕಚೇರಿಯಲ್ಲಿ ದುಡಿದ. ಮರ ಹೆರೆಯುವ ಯಂತ್ರ ಬೆರಳು ಕತ್ತರಿಸದ ಹಾಗೆ ಮಾಡೋದು ಹೇಗೆ ಅಂತ ವರದಿ ಬರೆದವನು ಅವನು. ಮನೆಯವರು ಒಂದು ಆಸ್ಬೆಸ್ಟಾಸ್ ಕಾರ್ಖಾನೆಗೆ ಹಣ ಹಾಕಿದ್ದರು. ಅದನ್ನೂ ನೀನೇ ನೋಡಿಕೋ ಅಂತ ಕೊರಳಿಗೆ ಕಟ್ಟಿದರು. 1912ರ ಅಕ್ಟೋಬರಿನಲ್ಲಿ, ಸಾಯೋದೇ ವಾಸಿ ಅನ್ನಿಸ್ತಿದೆ ಎಂಬ ಅರ್ಥದ ಪತ್ರ ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದ. ಮರುತಿಂಗಳೇ ಈ ಕಥೆಗೆ ಕೂತ. ಅದೇ ವರ್ಷದ ಫೆಬ್ರವರಿಯ ದಿನಚರಿಯಲ್ಲಿ ಆ ಕಾರ್ಖಾನೆಯ ಹೆಣ್ಣಾಳುಗಳನ್ನು ನೋಡಿ ಬರೆದಿಟ್ಟಿದ್ದಾನೆ. ಎದುರು ಬಂದರೆ ಅವರಿಗೆ ಯಾರೂ ನಮಸ್ಕಾರ ಅನ್ನೋದಿಲ್ಲ, ಮೈ ತಾಗಿದರೂ ಯಾರೂ ಕ್ಷಮೆ ಕೇಳೋದಿಲ್ಲ. ಸಂಜೆ ಆರಕ್ಕೆ ಧೂಳು ಕೊಡವಿ ಮುಖ ತೊಳೆದ ಮೇಲಷ್ಟೇ ಅವರು ಮನುಷ್ಯರ ಲೆಕ್ಕಕ್ಕೆ ಬರುತ್ತಾರೆ. ದಿನಾ ಬೆಳಿಗ್ಗೆ ಹುಳುವಾಗಿ ಸಂಜೆ ಮನುಷ್ಯರಾಗುವವರು ಅವರು. ಕಣ್ಣಿದ್ದ ಮನುಷ್ಯ ಕಂಡದ್ದು ಇದನ್ನ. ನಮ್ಮ ಪಂಡಿತರು ಇದಕ್ಕೆ ವಿಭೂತಿ ಬಳಿದು ತತ್ವಜ್ಞಾನ ಮಾಡಿದರು.

ಆ ಕಥೆಯಲ್ಲಿ ಇನ್ನೊಬ್ಬಳು ಇದ್ದಾಳೆ. ಬಿಳಿ ಕೂದಲಿನ, ಎಲುಬು ಕಾಣೋ ಮುದುಕಿ. ವಿಧವೆ. ಕಸ ಗುಡಿಸೋಳು. ಮನೆಯವರೆಲ್ಲ ಹೆದರಿ ಓಡುವ ಕೋಣೆಗೆ ಅವಳೊಬ್ಬಳೇ ಹೆದರದೆ ಹೋಗಿ ನೋಡುತ್ತಾಳೆ. ಸತ್ತ ಗ್ರೆಗರನನ್ನು ಸಾಗಿಸಿದವಳೂ ಅವಳೇ. ಅದನ್ನ ಹೇಳೋದಕ್ಕೆ ಬಂದರೆ ಮನೆಯವರು ಬಾಯಿ ಮುಚ್ಚಿಸುತ್ತಾರೆ, ಕೆಲಸದಿಂದ ತೆಗೆಯೋ ಮಾತಾಡುತ್ತಾರೆ. ಅವಳಿಗೆ ಕಥೆಯಲ್ಲಿ ಹೆಸರಿಲ್ಲ. ಗುರುತು ಕಳೆದುಕೊಂಡ ಗ್ರೆಗರನಿಗೆ ನೂರು ವರ್ಷದಿಂದ ಪಿಎಚ್.ಡಿ.ಗಳು. ಗುರುತನ್ನೇ ಕೊಡದೆ ಇದ್ದವಳಿಗೆ ಒಂದು ಅಡಿಟಿಪ್ಪಣಿ ಇದೆಯೇ? ಕಳೆದುಕೊಳ್ಳೋದಕ್ಕೂ ಮೊದಲು ಒಂದು ಇರಬೇಕಲ್ಲವೇ ಸ್ವಾಮಿ?

ಹುಳು ಅನ್ನೋದಕ್ಕೆ ಕಾಫ್ಕಾ ಬಳಸಿದ ಜರ್ಮನ್ ಪದ ‘ಉನ್‌ಗೆಟ್ಸೀಫರ್’. ಬಲಿಗೆ ಸಲ್ಲದ ಮೈಲಿಗೆಯ ಪ್ರಾಣಿ ಅನ್ನೋದು ಆ ಪದದ ಹಳೇ ಅರ್ಥ. ಮೈಲಿಗೆ! ಈ ಪದವನ್ನು ನಮಗೆ ಯಾವ ನಿಘಂಟೂ ವಿವರಿಸಬೇಕಾಗಿಲ್ಲ. ಕಾಫ್ಕಾ ಯಹೂದಿ. ಅವನು 1924ರಲ್ಲಿ ಕ್ಷಯದಿಂದ ಸತ್ತ. ಅವನ ಮೂವರು ತಂಗಿಯರನ್ನೂ ನಾಜಿಗಳು ಮುಗಿಸಿದರು. ಮುಗಿಸೋದಕ್ಕೂ ಮೊದಲು ಆ ಜನವನ್ನೆಲ್ಲ ಕ್ರಿಮಿಕೀಟ ಅಂತ ಕರೆದರು. ಮನುಷ್ಯರನ್ನು ಹುಳು ಅಂತ ಕರೆಯೋದು ಬರೀ ಅಲಂಕಾರ ಅಲ್ಲ ಗೆಳೆಯರೇ, ಅದು ಕೊಲೆಗೆ ತಯಾರಿ.

ನಮ್ಮವರಲ್ಲೇ ಕೆಲವರು ಅಂತಾರೆ: ಕಾಫ್ಕಾ ಕಟ್ಟಿಕೊಂಡು ನಮಗೇನಪ್ಪ, ಬೂಸಾ ಅಂತ ಬಿಸಾಕು. 1973ರಲ್ಲಿ ಬಸವಲಿಂಗಪ್ಪನವರು ಆ ಮಾತು ಆಡಿ ಮಂತ್ರಿಗಿರಿ ಕಳಕೊಂಡರು. ಅಷ್ಟು ಬೆಲೆ ತೆತ್ತ ಮಾತನ್ನು ಓದದೆ ಇರೋದಕ್ಕೆ ನೆಪ ಮಾಡಿಕೊಳ್ಳಬೇಡಿ. ಬೂಸಾ ಬೇರೆ ಕಾಳು ಬೇರೆ ಮಾಡುವ ಮೊರ ಹಿಡಿದ ಕೈ ನಮ್ಮ ಅವ್ವಂದಿರದು.

ಯಾಕಂದ್ರೆ ಈ ಕಥೆ ನಮ್ಮ ಮನೆ ಬಾಗಿಲಿಗೂ ಬಂದಿದೆ. ಮನೆತನಕ್ಕೇ ಮೊದಲ ಡಿಗ್ರಿ ಮಾಡಿದವನ ಕೊರಳಿಗೆ ಹತ್ತು ಜನರ ಹಸಿವು, ತಂಗಿಯ ಮದುವೆ, ಸಾಹುಕಾರನ ಬಡ್ಡಿ. ಆದರೆ ನಮ್ಮ ಅವ್ವ ಸಾಮ್ಸಾನ ಅಪ್ಪ ಅಲ್ಲ. ಅವಳು ಹಣ ಬಚ್ಚಿಟ್ಟು ಕೂತವಳಲ್ಲ, ನಮಗಿಂತ ಮೊದಲು ಹೊಲಕ್ಕೆ ಇಳಿದವಳು. ಅವಳಿಗೆ ಬೆನ್ನು ತಿರುಗಿಸಿ ಪಟ್ಟಣದ ರೂಮಿನಲ್ಲಿ ಅನಾಥಪ್ರಜ್ಞೆಯ ಪದ್ಯ ಬರೆಯೋದು ಬಿಡುಗಡೆ ಅಲ್ಲ. ಹಾಗಂತ ಒಬ್ಬನ ಕೊರಳಿಗೆ ಎಲ್ಲಾ ಕಟ್ಟಿ, ಅದು ಮುರಿದರೆ ತಂಗಿಯ ಕೊರಳು ಹುಡುಕೋದೂ ಧರ್ಮ ಅಲ್ಲ. ಈ ಸಾಲ ನಮ್ಮ ಅಪ್ಪಂದಿರು ಮಾಡಿದ್ದಲ್ಲ. ಭೂಮಿ ಕೊಡದೆ, ಕೂಲಿ ಕೊಡದೆ, ಅಕ್ಷರ ಕೊಡದೆ ನಮ್ಮ ಮೇಲೆ ಹೊರಿಸಿದ್ದು. ಅದನ್ನು ತೀರಿಸಬೇಕಾದವರು ನಾವಲ್ಲ.

ಆದ್ದರಿಂದ ಬರೆಯುವ ಗೆಳೆಯರೇ, ಗುರುತು ಎಲ್ಲಿ ಕಳೆಯಿತು ಅಂತ ಆಕಾಶ ನೋಡಬೇಡಿ. ಲೆಕ್ಕದ ಪುಸ್ತಕ ತೆಗೆಸಿ. ಯಾರು ದುಡಿದರು, ಯಾರು ಉಂಡರು, ಯಾರು ಬಳಿದರು ಅನ್ನೋದನ್ನ ಹೆಸರು ಹಿಡಿದು ಬರೆಯಿರಿ. ಕಸಬರಿಗೆ ಹಿಡಿದು ನಿಂತಿರುವ ಆ ಮುದುಕಿಯ ಹೆಸರನ್ನು ಮೊದಲು ಕೇಳಿ.